ನುಡಿಸಿ ತೋರಿಸದ ಮೂರು ತಿಂಗಳು

ಫೆಬ್ರವರಿಯ ಐಸ್ ಸ್ಟಾರ್ಮ್ ಮುಗಿದ ಮರುದಿನ ಬೆಳಿಗ್ಗೆ, ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ನಮ್ಮ ಮನೆಯ ಡ್ರೈವ್‌ವೇಯಲ್ಲಿ ಕಸದ ಬಿನ್ ಒಳಗೆಳೆದು ತರಲು ಹೋಗಿ ಜಾರಿ ಬಿದ್ದೆ. ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಬೆರಳುಗಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರಿನ ಕಾಸ್ಟ್ ಹಾಕಿ, ಆರು ವಾರ ಈ ಕೈಯಲ್ಲಿ ಏನನ್ನೂ ನುಡಿಸಬೇಡಿ ಎಂದರು. ಮಕ್ಕಳಿಗೆ ಪಿಯಾನೋ ಕಲಿಸುವುದು ನನ್ನ ಕೆಲಸ. ಆಗ ನನ್ನ ಬಳಿ ಹದಿನಾಲ್ಕು ಮಕ್ಕಳಿದ್ದರು. ಕೈ ಇಲ್ಲದಿದ್ದರೇನಾಯಿತು, ಬಾಯಿ ಇದೆಯಲ್ಲ, ಹೇಳಿಕೊಟ್ಟರಾಯಿತು ಎಂದುಕೊಂಡು ಒಂದು ಕ್ಲಾಸನ್ನೂ ರದ್ದು ಮಾಡಲಿಲ್ಲ.

ಮಂಗಳವಾರ ಸಂಜೆ ಐದಕ್ಕೆ ಬರುವವಳು ಹತ್ತಿರದ ಮರ್ಫಿ ಎಂಬ ಊರಿನ ಒಂಬತ್ತು ವರ್ಷದ ಒಬ್ಬ ಹುಡುಗಿ. ಅವಳ ತಾಯಿ ಧಾರವಾಡದವರು, ಮಕ್ಕಳ ಡಾಕ್ಟರು. ತಂದೆಯ ಆಫೀಸು ಮೂರು ಗಂಟೆ ದೂರದ ಆಸ್ಟಿನ್‌ನ ದ ಡೊಮೇನ್ ಎಂಬ ಬಡಾವಣೆಯಲ್ಲಿ. ವಾರವೆಲ್ಲ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿದ್ದು ಶುಕ್ರವಾರ ಮನೆಗೆ ಬರುತ್ತಿದ್ದರು. ಹುಡುಗಿ ಆರನೆಯ ವಯಸ್ಸಿನಿಂದ ನನ್ನಲ್ಲಿ ಕಲಿಯುತ್ತಿದ್ದಳು. ನನ್ನ ಹದಿನಾಲ್ಕು ಮಕ್ಕಳಲ್ಲಿ ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದದ್ದು ಇವಳ ಬಗ್ಗೆಯೇ. ಒಂದು ಪೀಸನ್ನು ಒಮ್ಮೆ ನುಡಿಸಿ ತೋರಿಸಿದರೆ ಸಾಕು, ಮುಂದಿನ ವಾರದ ಹೊತ್ತಿಗೆ ಎರಡೂ ಕೈ ಸೇರಿಸಿ ನುಡಿಸುತ್ತಿದ್ದಳು. ಅವಳ ಬೆರಳುಗಳು ಕೀಗಳ ಮೇಲೆ ಇಳಿಯುವಾಗ ಆ ವಯಸ್ಸಿನ ಮಕ್ಕಳಲ್ಲಿ ಕಾಣದ ಒಂದು ಮೃದುತನ ಇರುತ್ತಿತ್ತು.

ಮೇ ತಿಂಗಳಲ್ಲಿ ಆಸ್ಟಿನ್‌ನಲ್ಲಿ ಅವಳಿಗೊಂದು ಪರೀಕ್ಷೆಯಿತ್ತು. ಜಡ್ಜ್ ಎದುರು ಎರಡು ಪೀಸ್‌ಗಳನ್ನು ಪುಸ್ತಕವಿಲ್ಲದೆ ನುಡಿಸಬೇಕು. ಆಮೇಲೆ ಅವಳು ಹಿಂದೆಂದೂ ನೋಡಿರದ ಎಂಟು ಮೆಷರ್‌ಗಳ, ಅಂದರೆ ತಾಳದ ಎಂಟು ಆವರ್ತಗಳ, ಒಂದು ಹಾಳೆಯನ್ನು ಮುಂದಿಡುತ್ತಾರೆ. ಅರ್ಧ ನಿಮಿಷ ನೋಡಿಕೊಂಡು, ಅದನ್ನು ಅಲ್ಲೇ ಓದಿ ನುಡಿಸಬೇಕು. ಕೆಳಗಿನ ಲೆವೆಲ್‌ಗಳಲ್ಲಿ ಈ ಓದುವ ಭಾಗ ಇರಲಿಲ್ಲ. ಅವಳಿಗೆ ಇದು ಮೊದಲ ಸಲ. ಎರಡು ಪೀಸ್‌ಗಳಲ್ಲಿ ಒಂದನ್ನು ಹಿಂದಿನ ವರ್ಷವೇ ಕಲಿತಾಗಿತ್ತು. ಎರಡನೆಯದನ್ನು ಕೈ ಮುರಿದ ವಾರ ಶುರು ಮಾಡಬೇಕಿತ್ತು.

ಆ ಮಂಗಳವಾರ ಹೊಸ ಪೀಸಿನ ಪುಟ ತೆರೆದಿಟ್ಟು, “ಇವತ್ತು ನೀನೇ ನೋಡ್ಕೊಂಡು ನುಡಿಸು. ಮೊದಲ ಸಾಲು, ಬಲಗೈ ಮಾತ್ರ,” ಎಂದೆ.

ಅವಳು ನೀರು ಬೇಕೆಂದಳು. ಕೊಟ್ಟೆ. ಬಾತ್‌ರೂಮಿಗೆ ಹೋಗಿ ಬಂದಳು. ಬೆಂಚಿನ ಎತ್ತರ ಸರಿಯಿಲ್ಲ ಎಂದು ಎರಡು ಸಲ ತಿರುಗಿಸಿದಳು. ಆಮೇಲೆ ನನ್ನ ಕಾಸ್ಟ್ ನೋಡಿ, “ಆಂಟಿ, ಲೆಫ್ಟ್ ಹ್ಯಾಂಡ್‌ನಲ್ಲಾದ್ರೂ ಒನ್ಸ್ ಪ್ಲೇ ಮಾಡ್ತೀರಾ?” ಎಂದಳು.

ಎಡಗೈಯ ಭಾಗವನ್ನು ನುಡಿಸಿದೆ. ನಾನು ಕೈ ತೆಗೆಯುವುದೇ ತಡ, ಅವಳು ಅದನ್ನು ಹಾಗೆಯೇ ನುಡಿಸಿದಳು. ಅಷ್ಟಕ್ಕೇ ನಿಲ್ಲಿಸದೆ ಬಲಗೈಯನ್ನೂ ಸೇರಿಸಿದಳು. ಬಲಗೈಯಲ್ಲಿ ಬಂದ ರಾಗ ಚೆನ್ನಾಗಿತ್ತು, ಆದರೆ ಅದು ಹಾಳೆಯ ಮೇಲಿದ್ದ ರಾಗವಾಗಿರಲಿಲ್ಲ. ಅವಳ ಕಣ್ಣುಗಳು ಮಾತ್ರ ಗೆರೆಗಳ ಮೇಲೆ ಎಡದಿಂದ ಬಲಕ್ಕೆ ನೀಟಾಗಿ ಓಡುತ್ತಿದ್ದವು.

ಹಾಳೆಯ ಒಂದು ನೋಟಿನ ಮೇಲೆ ಪೆನ್ಸಿಲ್ ಇಟ್ಟು, “ಇದು ಯಾವ ಸ್ವರ?” ಎಂದೆ.

ಅವಳು ಹಾಳೆಯನ್ನು ನೋಡಲಿಲ್ಲ. ನನ್ನ ಮುಖ ನೋಡಿ, “ಜಿ?” ಎಂದಳು. ನನ್ನ ಹುಬ್ಬು ಅಲುಗಿರಬೇಕು. “ಇಲ್ಲ, ಇಲ್ಲ, ಎ,” ಎಂದಳು. ಅದು ಡಿ ಆಗಿತ್ತು.

ಅವಳ ಹಳೆಯ ಪುಸ್ತಕಗಳನ್ನು ತೆರೆದು ನೋಡಿದೆ. ಪ್ರತಿ ನೋಟಿನ ತಲೆಯ ಮೇಲೂ ಒಂದರಿಂದ ಐದರವರೆಗಿನ ಬೆರಳಿನ ಸಂಖ್ಯೆಗಳಿದ್ದವು. ಎಲ್ಲ ನನ್ನದೇ ಕೈಬರಹ. ಅವಳಿಗೆ ಅನುಕೂಲವಾಗಲೆಂದು ನಾನೇ ಬರೆದವು. ಅಂದರೆ ಅವಳು ಮೂರು ವರ್ಷ ಓದಿದ್ದು ಆ ಸಂಖ್ಯೆಗಳನ್ನು. ಉಳಿದದ್ದನ್ನೆಲ್ಲ ನಾನು ನುಡಿಸುವಾಗ ಕೇಳಿ ಕಲಿತಿದ್ದಳು. ಮೂವತ್ತು ನಿಮಿಷದ ಕ್ಲಾಸಿನಲ್ಲಿ ಓದಿಸುತ್ತ ಕೂತರೆ ಹೊತ್ತು ಹೋಗುತ್ತದೆ, ಒಮ್ಮೆ ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಅದಕ್ಕಿಂತ ಒಳಗಿನ ಕಾರಣ ಇನ್ನೊಂದಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಕಲಿಸಿದ ಸಿಸ್ಟರ್, ನೋಟು ತಪ್ಪಿದರೆ ಬೆರಳ ಗೆಣ್ಣಿಗೆ ರೂಲರಿನಿಂದ ಹೊಡೆಯುತ್ತಿದ್ದರು. ನನ್ನ ಮಕ್ಕಳಿಗೆ ಓದುವ ಹಿಂಸೆ ಬೇಡ, ಸಂಗೀತದ ಖುಷಿ ಮೊದಲು ಸಿಗಲಿ ಎಂದು ನಾನು ಯಾವತ್ತೋ ನಿಶ್ಚಯಿಸಿದ್ದೆ. ಅದು ಎಲ್ಲಿಗೆ ಬಂದು ನಿಂತಿತ್ತು ಎನ್ನುವುದು ಈಗ ಎದುರಿಗೇ ಇತ್ತು.

ಕಾರಿನ ಹಾರ್ನ್ ಕೇಳಿಸಿತು. ಅವಳು ಪುಸ್ತಕ ಬ್ಯಾಗಿಗೆ ಹಾಕಿಕೊಳ್ಳುತ್ತ, ತಲೆಯೆತ್ತದೆ, “ಪ್ಲೀಸ್ ಡೋಂಟ್ ಟೆಲ್ ಅಮ್ಮ,” ಎಂದಳು.

ಆ ವಾರ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳ ತಾಯಿಗೆ ಫೋನ್ ಮಾಡಿ, “ಅವಳಿಗೆ ನೋಟ್ಸ್ ಸರಿಯಾಗಿ ಕಾಣಿಸ್ತಿಲ್ಲ ಅನ್ಸುತ್ತೆ, ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ತೀರಾ?” ಎಂದೆ. ಕಣ್ಣಿನದೇ ದೋಷವಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಕನ್ನಡಕ ಬಂದರೆ ಎಲ್ಲ ಸರಿಹೋಗುತ್ತದೆ, ಯಾರ ತಪ್ಪೂ ಇರುವುದಿಲ್ಲ. ನಾಲ್ಕು ದಿನದ ನಂತರ ಅವರ ಮೆಸೇಜ್ ಬಂತು. ಕಣ್ಣು ಎರಡೂ ಚೆನ್ನಾಗಿವೆ. ಶಾಲೆಯಲ್ಲಿ ಓದುವುದರಲ್ಲಿ ಅವಳು ತರಗತಿಗೇ ಮುಂದೆ. ಬೇರೆ ಏನಾದರೂ ಟೆಸ್ಟ್ ಬೇಕೇ ಎಂದು ಕೇಳಿದ್ದರು. ಬೇಡ ಎಂದು ಉತ್ತರಿಸಿದೆ. ಕಾರಣ ಹೇಳಲಿಲ್ಲ.

ಗುಟ್ಟಿನಲ್ಲೇ ರಿಪೇರಿ ಮಾಡಿಬಿಡೋಣ ಎಂದು ಹೊರಟೆ. ಮೊದಲು ಫ್ಲ್ಯಾಶ್ ಕಾರ್ಡ್ ತಂದೆ. ಒಂದೊಂದು ಕಾರ್ಡಿನಲ್ಲಿ ಒಂದೊಂದು ನೋಟು. ಒಂದೇ ವಾರದಲ್ಲಿ ಎಲ್ಲವನ್ನೂ ಪಟಪಟನೆ ಹೇಳಿದಳು. ನನಗೆ ಎಲ್ಲಿಲ್ಲದ ಸಂತೋಷ. ಆಮೇಲೆ ನೋಡಿದರೆ, ಡಿ ಕಾರ್ಡಿನ ಮೂಲೆ ಮಡಚಿತ್ತು, ಎಫ್ ಮೇಲೆ ಕೆಚಪ್ ಕಲೆಯಿತ್ತು, ಬಿ ಕಾರ್ಡಿನ ಅಂಚು ಸ್ವಲ್ಪ ಹರಿದಿತ್ತು. ಅವಳು ಕಾರ್ಡುಗಳನ್ನು ಗುರುತು ಹಿಡಿದಿದ್ದಳೇ ಹೊರತು ನೋಟುಗಳನ್ನಲ್ಲ. ಆಮೇಲೆ ಲೈಬ್ರರಿಯಿಂದ ಓದುವ ಅಭ್ಯಾಸದ ಒಂದು ಪುಸ್ತಕ ತಂದುಕೊಟ್ಟೆ. ಮುಂದಿನ ಮಂಗಳವಾರ ಏಳು ಪಾಠಗಳನ್ನು ಒಂದೂ ತಪ್ಪಿಲ್ಲದೆ ನುಡಿಸಿದಳು. ಆ ಪುಸ್ತಕದ ಎಲ್ಲ ಪಾಠಗಳನ್ನೂ ಯಾರೋ ನುಡಿಸಿ ಇಂಟರ್ನೆಟ್‌ಗೆ ಹಾಕಿದ್ದರು. ಇವಳು ಅಲ್ಲಿ ಕೇಳಿ ಕಲಿತು ಬಂದಿದ್ದಳು. ಅಷ್ಟು ಕೇಳಿ ಕಲಿಯುವ ಶ್ರಮದಲ್ಲಿ ಓದುವುದನ್ನೇ ಕಲಿಯಬಹುದಿತ್ತು. ಆದರೆ ಅವಳಿಗೆ ಅದು ತನ್ನಿಂದಾಗದ ಕೆಲಸ ಎಂಬ ಭಯ ಕೂತುಬಿಟ್ಟಿತ್ತು.

ಮಾರ್ಚಿನ ಮೊದಲ ವಾರಾಂತ್ಯದಲ್ಲಿ ನನ್ನ ಗಂಡನ ಸ್ನೇಹಿತರ ಮನೆಯ ಉಪನಯನಕ್ಕೆ ಹ್ಯೂಸ್ಟನ್‌ಗೆ ಹೋದೆವು. ನಾನು ಟೆಕ್ಸಸ್‌ಗೆ ಬಂದ ಹೊಸತರಲ್ಲಿ, ಮಕ್ಕಳಿಗೆ ಹೇಗೆ ಕಲಿಸಬೇಕೆಂದು ನನಗೆ ಕಲಿಸಿದ ಹಿರಿಯ ಶಿಕ್ಷಕಿಯೊಬ್ಬರು ಅಲ್ಲಿದ್ದಾರೆ. ಈಗ ನಿವೃತ್ತರು. ಊಟ ಮುಗಿಸಿ ಮಧ್ಯಾಹ್ನ ಅವರ ಮನೆಗೆ ಹೋದೆ. ಅವರು ಐಸ್‌ಡ್ ಟೀ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಮೂರೇ ಪ್ರಶ್ನೆ ಕೇಳಿದರು.

“ಅವಳಿಗೆ ಓದಲು ಬರುವುದಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯಿತು?”

“ಕೈ ಮುರಿದ ಮೇಲೆ.”

“ತಾಯಿಗೆ ಹೇಳಿದೆಯಾ?”

“ಕಣ್ಣು ಟೆಸ್ಟ್ ಮಾಡಿಸಿ ಅಂದೆ.”

ಅವರು ಬೈಯಲಿಲ್ಲ. “ಸರಿ. ಕೈ ವಾಸಿಯಾದ ಮೇಲೆ ಏನು ಮಾಡುತ್ತೀಯ?” ಎಂದರು.

ಕಾಸ್ಟ್ ಬಿಚ್ಚಿದ ದಿನವೇ ಎರಡನೆಯ ಪೀಸನ್ನು ನುಡಿಸಿ ತೋರಿಸಿಬಿಟ್ಟರೆ ಪರೀಕ್ಷೆಯ ಅರ್ಧ ಗೆದ್ದಂತೆ ಎಂದು ನಾನು ಒಳಗೇ ಲೆಕ್ಕ ಹಾಕಿದ್ದೆ. ಅದು ಅವರಿಗೆ ಹೇಗೋ ಕಂಡಿತ್ತು.

ಡಾಲಸ್ ಕಡೆಗೆ ವಾಪಸು ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದರು. ಕಾಸ್ಟ್‌ನ ಒಳಗೆ ಕೈ ತುರಿಸುತ್ತಿತ್ತು. ಹಂಟ್ಸ್‌ವಿಲ್ ದಾಟುವ ಹೊತ್ತಿಗೆ ಎರಡು ನಿರ್ಧಾರ ಮಾಡಿದೆ. ತಾಯಿಗೆ ಹೇಳುವುದು. ಪರೀಕ್ಷೆ ಮುಗಿಯುವವರೆಗೆ ಆ ಹುಡುಗಿಯ ಮುಂದೆ ಒಂದು ನೋಟನ್ನೂ ನುಡಿಸದಿರುವುದು, ಕೈ ವಾಸಿಯಾದರೂ.

ಮರು ಮಂಗಳವಾರ ತಾಯಿಯನ್ನು ಒಳಗೆ ಕರೆದು, ಹುಡುಗಿಯನ್ನು ಹಿತ್ತಲಿಗೆ ಕಳಿಸಿದೆ. ಕಾಫಿ ಕೊಟ್ಟು, ಸುತ್ತಿ ಬಳಸದೆ ಹೇಳಿದೆ. ಅವಳಿಗೆ ನೊಟೇಶನ್ ಓದಲು ಬರುವುದಿಲ್ಲ. ಅವಳ ದೋಷವಲ್ಲ. ನಾನು ಕಲಿಸಲಿಲ್ಲ. ಕಣ್ಣಿನ ಟೆಸ್ಟ್ ಮಾಡಿಸಿ ಎಂದಾಗಲೂ ನನಗೆ ಅದು ಗೊತ್ತಿತ್ತು.

ಅವರು ಕಪ್ಪನ್ನು ಕೆಳಗಿಟ್ಟರು.

“ಮೂರು ವರ್ಷ ನಿಮಗ ಗೊತ್ತಾಗ್ಲಿಲ್ಲೇನ್ರಿ?”

“ಆಗ್ಲಿಲ್ಲ.”

“ನನ್ನ ಕ್ಲಿನಿಕ್ಕಿನಾಗ ಒಂದು ಕೂಸಿಗೆ ಮೂರು ವರ್ಷ ಕಿವಿ ಕೇಳ್ಸೂದಿಲ್ಲಂತ ನನಗ ಗೊತ್ತಾಗ್ಲಿಲ್ಲಂದ್ರ, ಅವರ ಅವ್ವ ಅಪ್ಪ ನನ್ನ ಏನನ್ಬೇಕ್ರಿ?”

ಅವಳ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು, ನಾನು ಬರೆದ ಸಂಖ್ಯೆಗಳಿದ್ದ ಪುಟವನ್ನು ಅವರ ಮುಂದೆ ತೆರೆದಿಟ್ಟೆ.

“ಪರೀಕ್ಷಾ?” ಎಂದರು.

“ವಾಪಸ್ ತಗೋಬಹುದು. ಇಲ್ಲಾ ಅಂದ್ರೆ ಇನ್ನು ಎರಡು ತಿಂಗಳಿದೆ, ಪ್ರಯತ್ನ ಮಾಡಬಹುದು. ಪಾಸಾಗ್ತಾಳೆ ಅಂತ ನಾನು ಮಾತು ಕೊಡಲ್ಲ. ಬೇರೆ ಟೀಚರ್ ಬೇಕು ಅಂದ್ರೆ ಒಳ್ಳೆಯವರ ಹೆಸರು ಕೊಡ್ತೀನಿ.”

ಅವರು ಎದ್ದು, ಹಿತ್ತಲ ಬಾಗಿಲಿನಲ್ಲಿ ಮಗಳನ್ನು ಕರೆದು, ಹೊರಟುಹೋದರು. ಕಾಫಿ ಅರ್ಧ ಹಾಗೆಯೇ ಇತ್ತು. ಮುಂದಿನ ಮಂಗಳವಾರ ಐದು ಗಂಟೆಗೆ ಬಾಗಿಲು ತೆರೆದಿಟ್ಟುಕೊಂಡು ಕಾದೆ. ಯಾರೂ ಬರಲಿಲ್ಲ. ಆ ಅರ್ಧ ಗಂಟೆ ಸುಮ್ಮನೆ ಕೂತಿರಲು ಆಗದೆ, ಉಳಿದ ಮಕ್ಕಳ ಪುಸ್ತಕಗಳಲ್ಲಿ ಬೆರಳಿನ ಸಂಖ್ಯೆ ಎಲ್ಲೆಲ್ಲಿ ಬರೆದಿದ್ದೇನೆಂದು ನೆನಪಿನಿಂದಲೇ ಪಟ್ಟಿ ಮಾಡಿದೆ. ಆ ವಾರ ಹದಿಮೂರು ಮಕ್ಕಳನ್ನೂ ಒಬ್ಬೊಬ್ಬರಾಗಿ ಓದಿಸಿ ನೋಡಿದೆ. ಇನ್ನಿಬ್ಬರು ಸಿಕ್ಕರು. ಆ ಎರಡು ಮನೆಗೂ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲ ಸಲ ಹೇಳಿದ್ದಕ್ಕಿಂತ ಅದು ಸುಲಭವಾಗಿತ್ತು.

ಗುರುವಾರ ತಾಯಿಯೇ ಫೋನ್ ಮಾಡಿದರು. ದನಿ ತಣ್ಣಗಿತ್ತು.

“ಅಕೀನ್ನ ಕೂಡಿಸ್ಕೊಂಡು ಕೇಳ್ದೆರಿ. ಬಾಕಿ ಎಲ್ಲಾರಿಗೂ ಕಾಗದ ನೋಡಿದ ಕೂಡ್ಲೇ ಅದು ಕಿವ್ಯಾಗ ಕೇಳಸ್ತದಂತ, ತನಗೊಬ್ಬಾಕಿಗೇ ಕೇಳ್ಸೂದಿಲ್ಲಂತ. ಹಂಗ ತಿಳ್ಕೊಂಡು ಮೂರು ವರ್ಷ ಸುಮ್ಮನ ಇದ್ದಾಳ್ರಿ. ನಾನೂ ದಿನಾ ಬಾಜೂಕ ಕೂತು ಕೇಳೀನಿ. ನನಗೂ ಗೊತ್ತಾಗ್ಲಿಲ್ಲ.”

ನಾನು ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕೂತೆ.

“ಬ್ಯಾರೆ ಟೀಚರ್ ನೋಡೋಣೇನು ಅಂದೆ. ‘ನೋ ಅಮ್ಮ, ಆಂಟಿ ನೋಸ್ ನೌ. ಐ ಡೋಂಟ್ ಹ್ಯಾವ್ ಟು ಪ್ರಿಟೆಂಡ್ ಎನಿಮೋರ್’ ಅಂದ್ಲು. ಮಂಗಳವಾರ ಕರ್ಕೊಂಡ್ ಬರ್ತೀನ್ರಿ. ಪರೀಕ್ಷಾ ಇರ್ಲಿ. ಆದ್ರ ನನಗ ಪ್ರತಿ ವಾರ ಏನಾತು ಅಂತ ಖರೇ ಹೇಳ್ಬೇಕು.”

ಹೇಳುತ್ತೇನೆಂದೆ. ಫೋನ್ ಇಟ್ಟ ಮೇಲೆ ಸಿಂಕಿನ ಮುಂದೆ ನಿಂತು ಎಡಗೈಯಲ್ಲೇ ಮುಖ ತೊಳೆದುಕೊಂಡೆ.

ಆ ಮಂಗಳವಾರ ನಾವಿಬ್ಬರೂ ಮಾಡಿದ ಮೊದಲ ಕೆಲಸವೆಂದರೆ ಅವಳ ಪುಸ್ತಕದಲ್ಲಿದ್ದ ಬೆರಳಿನ ಸಂಖ್ಯೆಗಳನ್ನೆಲ್ಲ ರಬ್ಬರಿನಿಂದ ಅಳಿಸಿದ್ದು. ಎರಡನೆಯ ಪೀಸನ್ನು ಬಿಟ್ಟು, ಪರೀಕ್ಷೆಯ ಪಟ್ಟಿಯಲ್ಲಿದ್ದ ಒಂದೇ ಪುಟದ ಸುಲಭವಾದ ಇನ್ನೊಂದನ್ನು ಆರಿಸಿದೆ. ಅದನ್ನು ಪೂರ್ತಿ ಓದಿ ಮುಗಿಸುವವರೆಗೆ ಎಲ್ಲಿಯೂ ಕೇಳಿಸಿಕೊಳ್ಳಬಾರದು. ಅವಳು ಇಂಟರ್ನೆಟ್ ನೋಡುತ್ತಿದ್ದ ಟ್ಯಾಬ್ಲೆಟ್ ತಾಯಿಯ ವಶಕ್ಕೆ ಹೋಯಿತು.

ಓದಿಸುವುದನ್ನು ಬೇರೆ ದಾರಿಯಿಂದ ಶುರು ಮಾಡಿದೆ. ನೋಟುಗಳ ಹೆಸರನ್ನು ಕೇಳುವುದನ್ನೇ ಬಿಟ್ಟೆ. ಐದು ಗೆರೆಗಳ ಮೇಲೆ ಮೂರು ಜಾಗ ಮಾತ್ರ ಗುರುತಿಟ್ಟುಕೊಳ್ಳಲು ಹೇಳಿದೆ: ನಡುವಿನ ಸಿ, ಅದರ ಮೇಲಿನ ಜಿ, ಕೆಳಗಿನ ಎಫ್. ಮಿಕ್ಕದ್ದೆಲ್ಲ ಅಲ್ಲಿಂದ ಎಷ್ಟು ದೂರ ಎಂಬ ಲೆಕ್ಕ. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಪಕ್ಕದ ಕೀ. ಗೆರೆಯಿಂದ ಗೆರೆಗೆ ಹೋದರೆ ಒಂದು ಕೀ ಬಿಟ್ಟು ಮುಂದಿನದು. ಕೈ ನೋಡಿಕೊಳ್ಳದಿರಲೆಂದು ಅವಳ ಕೈಗಳ ಮೇಲೆ ಅಡುಗೆಮನೆಯ ತೆಳು ಟವೆಲ್ ಹೊದಿಸಿದೆ. ಮೊದಲ ದಿನ ನಾಲ್ಕು ಮೆಷರ್ ಓದಲು ಹದಿನೆಂಟು ನಿಮಿಷ ಹಿಡಿಯಿತು. ಮೂರು ವರ್ಷದಿಂದ ಸರಾಗವಾಗಿ ನುಡಿಸುತ್ತಿದ್ದ ಮಗು, ಆರು ವರ್ಷದ ಮಗುವಿನ ಹಾಗೆ ಒಂದೊಂದೇ ಕೀ ತಡಕಾಡುತ್ತಿತ್ತು. ನೋಡಲು ಕಷ್ಟವಾಗುತ್ತಿತ್ತು.

ಓದಲು ಕೊಡುವ ಪಾಠಗಳನ್ನು ನಾನೇ ಬರೆಯತೊಡಗಿದೆ. ಎಲ್ಲೂ ಇರದ ರಾಗವಾದರೆ ಎಲ್ಲಿ ಹೋಗಿ ಕೇಳುತ್ತಾಳೆ? ದಿನಕ್ಕೊಂದು, ನಾಲ್ಕು ಮೆಷರ್. ಬಲಗೈಗೆ ಕಾಸ್ಟ್ ಇದ್ದದ್ದರಿಂದ ಎಡಗೈಯಲ್ಲಿ ಬರೆದೆ. ನೋಟುಗಳು ಸೊಟ್ಟಂಬಟ್ಟ ಹುಣಸೆ ಬೀಜಗಳ ಹಾಗೆ ಬಂದವು.

ಹುಡುಗಿ ಅದನ್ನು ನೋಡಿ ನಕ್ಕೇಬಿಟ್ಟಳು. “ಆಂಟಿ, ಯುವರ್ ರೈಟಿಂಗ್ ಈಸ್ ಸೋ ಬ್ಯಾಡ್! ಇದು ಲೈನ್ ಮೇಲಿದ್ಯಾ, ಸ್ಪೇಸ್‌ನಲ್ಲಿದ್ಯಾ?”

“ನೀನೇ ಹೇಳು.”

“ಐ ಕಾಂಟ್ ಟೆಲ್! ಕೊಡಿ, ನಾನು ಬರೀತೀನಿ.”

ಹೀಗೆ ಪೆನ್ಸಿಲ್ ಅವಳ ಕೈಗೆ ಹೋಯಿತು. ನಾನು ಎರಡು ಮೆಷರ್ ಬಾಯಲ್ಲಿ ಹಾಡುತ್ತಿದ್ದೆ, ಅವಳು ಗೆರೆಗಳ ಮೇಲೆ ಬರೆಯುತ್ತಿದ್ದಳು. ಅವಳ ಕಿವಿ ಎಷ್ಟು ಚುರುಕೆಂದರೆ, ಮೇಲೆ ಹೋಯಿತೋ ಕೆಳಗೆ ಬಂತೋ, ಪಕ್ಕಕ್ಕೋ ಒಂದು ಬಿಟ್ಟೋ ಎನ್ನುವುದು ಕೇಳಿದೊಡನೆ ಗೊತ್ತಾಗುತ್ತಿತ್ತು. ಬರೆಯುವಾಗ ಆ ಗೊತ್ತಿದ್ದದ್ದಕ್ಕೆ ಒಂದು ಆಕಾರ ಸಿಗುತ್ತಿತ್ತು. ನಾನು ಯಾವ ಕಿವಿಯನ್ನು ಅಡ್ಡಿ ಎಂದುಕೊಂಡಿದ್ದೆನೋ ಅದೇ ಅವಳ ಕೈ ಹಿಡಿದು ನಡೆಸಿತು. ಆದರೆ ಬರೆಯುವುದು ಬಂದ ಹಾಗೆ ಓದುವುದು ಬರಲಿಲ್ಲ. ಅಪರಿಚಿತ ಹಾಳೆ ಎದುರಿಗೆ ಬಂದೊಡನೆ ಹೆಗಲು ಕಿವಿಯ ತನಕ ಏರಿಬಿಡುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಕಾಸ್ಟ್ ಬಿಚ್ಚಿದರು. ಕೈ ಸಣಕಲಾಗಿ, ಬಿಳಿಚಿಕೊಂಡಿತ್ತು. ಮಂಗಳವಾರ ಹುಡುಗಿ ಒಳಗೆ ಬಂದವಳೇ ಅದನ್ನು ನೋಡಿ ಕುಣಿದಳು.

“ನೌ ಯು ಕ್ಯಾನ್ ಪ್ಲೇ! ಹೊಸ ಪೀಸ್ ಒನ್ಸ್ ಪ್ಲೇ ಮಾಡಿ, ಆಂಟಿ. ಜಸ್ಟ್ ಒನ್ಸ್.”

ಪರೀಕ್ಷೆಗೆ ಆರು ವಾರವಿತ್ತು. ಹೊಸ ಪೀಸಿನಲ್ಲಿ ಆಗಿದ್ದದ್ದು ಆರು ಮೆಷರ್ ಮಾತ್ರ. ನಾನು ಒಮ್ಮೆ ನುಡಿಸಿದರೆ ಅವಳು ಅಂದೇ ಮುಗಿಸುತ್ತಾಳೆ, ಉಳಿದ ವಾರಗಳನ್ನೆಲ್ಲ ಓದುವುದಕ್ಕೆ ಇಟ್ಟುಕೊಳ್ಳಬಹುದು. ಆ ಯೋಚನೆ ಎಷ್ಟು ನ್ಯಾಯವಾಗಿ ಕಂಡಿತೆಂದರೆ, ನನ್ನ ಕೈ ಮಡಿಲಿನಿಂದ ಎದ್ದು ಕೀಗಳ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಅವಳ ಮುಖ ನೋಡಿದೆ. ಅವಳು ಪುಸ್ತಕ ನೋಡುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಕೇಳಿಸಿಕೊಳ್ಳಲು ಸಿದ್ಧವಾಗಿ ಕೂತಿದ್ದಳು.

ಎದ್ದೆ. ಊಟದ ಮೇಜಿನಿಂದ ಒಂದು ಕುರ್ಚಿ ತಂದು, ಪಿಯಾನೋದಿಂದ ಆರಡಿ ದೂರದಲ್ಲಿ ಹಾಕಿಕೊಂಡು ಕೂತೆ.

“ನುಡಿಸಲ್ಲ. ಏಳನೇ ಮೆಷರ್‌ನಿಂದ ನೀನೇ ಓದು.”

“ವೈ? ಯುವರ್ ಹ್ಯಾಂಡ್ ಈಸ್ ಫೈನ್!”

“ಹೌದು, ಕೈ ಚೆನ್ನಾಗಿದೆ. ಆದ್ರೂ ನುಡಿಸಲ್ಲ.”

“ದಟ್ಸ್ ಸೋ ಮೀನ್,” ಎಂದು ಪುಸ್ತಕ ಮುಚ್ಚಿದಳು. ಉಳಿದ ಇಪ್ಪತ್ತು ನಿಮಿಷ ನಾವಿಬ್ಬರೂ ಹಾಗೆಯೇ ಕೂತಿದ್ದೆವು. ಬಲವಂತ ಮಾಡಲಿಲ್ಲ. ರೂಲರಿನ ನೆನಪು ನನಗಿತ್ತು.

ಸಂಜೆ ತಾಯಿಗೆ ಮಾತು ಕೊಟ್ಟಂತೆ ನಡೆದದ್ದನ್ನು ಹೇಳಿದೆ. “ಒಮ್ಮೆ ತೋರ್ಸಿದ್ರ ಏನಾಗ್ತಿತ್ರಿ? ಮನಿಗೆ ಬಂದು ಊಟಾನೂ ಮಾಡವಲ್ಲಳು,” ಎಂದರು.

“ಇವತ್ತು ತೋರಿಸಿದ್ರೆ, ಆಸ್ಟಿನ್‌ನಲ್ಲಿ ಆ ಹಾಳೆ ಮುಂದಿಟ್ಟಾಗ ಮತ್ತೆ ಯಾರಾದ್ರೂ ತೋರಿಸ್ತಾರಾ ಅಂತ ಕಾಯ್ತಾಳೆ ಡಾಕ್ಟ್ರೇ. ಇನ್ನೆರಡು ವಾರ ನನ್ನನ್ನ ನಂಬಿ.”

ಅವರು ನಿಟ್ಟುಸಿರು ಬಿಟ್ಟರು. ಬೇಡವೆನ್ನಲಿಲ್ಲ.

ಆ ಎರಡು ವಾರ ಕೆಟ್ಟದಾಗಿ ಕಳೆದವು. ಹುಡುಗಿ ಬರುತ್ತಿದ್ದಳು, ನಮಸ್ತೆ ಎನ್ನುತ್ತಿರಲಿಲ್ಲ, ನಾಲ್ಕು ಮೆಷರ್ ಓದಿ ಹೋಗುತ್ತಿದ್ದಳು. ನಾನು ಕುರ್ಚಿಯಿಂದ ಏಳಲಿಲ್ಲ. ಇವಳು ಪಿಯಾನೋವನ್ನೇ ಬಿಟ್ಟುಬಿಟ್ಟರೆ ಎಂಬ ಹೆದರಿಕೆ ಅಕ್ಕಿ ತೊಳೆಯುವಾಗ, ಬಟ್ಟೆ ಮಡಿಸುವಾಗ ಬರುತ್ತಿತ್ತು.

ಏಪ್ರಿಲ್ ಮೂರನೆಯ ವಾರ, ನಾನು ಬರೆದಿದ್ದ ಹೊಸ ಪಾಠವೊಂದನ್ನು ಟವೆಲಿನ ಕೆಳಗಿನಿಂದ ನಿಧಾನವಾಗಿ ಓದುತ್ತಿದ್ದಳು. ಮೂರನೆಯ ಮೆಷರ್‌ನಲ್ಲಿ ಗಕ್ಕನೆ ನಿಂತಳು. ಇನ್ನೊಮ್ಮೆ ಹಿಂದೆ ಹೋಗಿ ಓದಿದಳು. ಮತ್ತೆ ಅಲ್ಲೇ ನಿಂತಳು.

“ಆಂಟಿ, ದಿಸ್ ಈಸ್ ರಾಂಗ್.”

“ಏನು ರಾಂಗ್?”

“ಈ ಮೆಷರ್‌ನಲ್ಲಿ ಮೂರೇ ಬೀಟ್ ಇದೆ. ನಾಲ್ಕು ಇರ್ಬೇಕಲ್ವಾ? ಒನ್ ಈಸ್ ಮಿಸ್ಸಿಂಗ್.”

ಎದ್ದು ಹೋಗಿ ನೋಡಿದೆ. ನಿಜ. ನಾನು ಅವಸರದಲ್ಲಿ ಒಂದು ನೋಟು ಬರೆಯುವುದನ್ನೇ ಮರೆತಿದ್ದೆ. ಬೇಕೆಂದು ಮಾಡಿದ್ದಲ್ಲ. ಅವಳು ನನ್ನ ಮುಖ ನೋಡಿ ಊಹಿಸಿರಲಿಲ್ಲ. ನಾನು ಅವಳ ಬೆನ್ನ ಹಿಂದಿದ್ದೆ. ಕೇಳಿ ಕಂಡುಹಿಡಿದದ್ದೂ ಅಲ್ಲ. ಆ ರಾಗವನ್ನು ಇನ್ನೂ ಯಾರೂ ಕೇಳಿರಲಿಲ್ಲ. ಹಾಳೆಯನ್ನು ನೋಡಿ, ಎಣಿಸಿ, ನನ್ನ ತಪ್ಪನ್ನು ಹಿಡಿದಿದ್ದಳು. “ನೀನೇ ಸರಿ ಮಾಡು,” ಎಂದು ಪೆನ್ಸಿಲ್ ಕೊಟ್ಟೆ. ಇಲ್ಲದ ನೋಟನ್ನು ಅವಳು ಎಷ್ಟು ಗಂಭೀರವಾಗಿ ಬರೆದಳೆಂದರೆ, ಸಂಜೆ ತಾಯಿಗೆ ಫೋನಿನಲ್ಲಿ ಅದನ್ನು ಹೇಳುವಾಗ ನಾನು ಎರಡೆರಡು ಸಲ ಹೇಳಿದೆನಂತೆ.

ಅಲ್ಲಿಂದ ಮುಂದೆ ಓಟವೇನೂ ಆಗಲಿಲ್ಲ. ಆದರೆ ಹೆಗಲು ಇಳಿಯಿತು. ನಮಸ್ತೆ ವಾಪಸು ಬಂತು. ಮೇ ಮೊದಲ ವಾರ ಹೊಸ ಪೀಸಿನ ಕೊನೆಯ ಮೆಷರ್ ಓದಿ ಮುಗಿಸಿದಳು. ಟವೆಲ್ ತೆಗೆದೆವು. ಓದುವ ಪಾಠಗಳು ಎಂಟು ಮೆಷರ್‌ಗೆ ಬಂದವು. ಒಮ್ಮೊಮ್ಮೆ ಸಲೀಸಾಗಿ, ಒಮ್ಮೊಮ್ಮೆ ಎಡವುತ್ತ. ಪಾಸಾಗುತ್ತಾಳೋ ಇಲ್ಲವೋ ನನಗೆ ಖಂಡಿತ ಗೊತ್ತಿರಲಿಲ್ಲ.

ಪರೀಕ್ಷೆಯ ಶನಿವಾರ ಬೆಳಿಗ್ಗೆ ನಾನೊಬ್ಬಳೇ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಹುಡುಗಿ ಮತ್ತು ತಾಯಿ ಹಿಂದಿನ ದಿನವೇ ತಂದೆಯ ಅಪಾರ್ಟ್‌ಮೆಂಟಿಗೆ ಹೋಗಿದ್ದರು. ಪರೀಕ್ಷೆ ಒಂದು ಕಾಲೇಜಿನ ಕಟ್ಟಡದಲ್ಲಿ. ಉದ್ದನೆಯ ಕಾರಿಡಾರ್, ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಪ್ರತಿ ಬಾಗಿಲ ಹಿಂದೆ ಒಂದು ಪಿಯಾನೋ. ಟೀಚರ್, ತಂದೆತಾಯಿ ಯಾರೂ ಒಳಗೆ ಹೋಗುವಂತಿಲ್ಲ. ಹುಡುಗಿ ಹಳದಿ ಫ್ರಾಕ್ ಹಾಕಿಕೊಂಡಿದ್ದಳು. ಹೆಸರು ಕರೆದಾಗ ನಮ್ಮ ಯಾರ ಕಡೆಗೂ ನೋಡದೆ ಒಳಗೆ ಹೋದಳು.

ತಾಯಿ, ತಂದೆ ಬೆಂಚಿನ ಮೇಲೆ ಕೂತರು. ನಾನು ಬಾಗಿಲ ಪಕ್ಕದ ಗೋಡೆಗೊರಗಿ ನಿಂತೆ. ಮೊದಲ ಪೀಸ್ ಚೆನ್ನಾಗಿ ಬಂತು. ಎರಡನೆಯದು, ಅವಳೇ ಓದಿ ಕಲಿತದ್ದು, ಸ್ವಲ್ಪ ನಿಧಾನವಾಗಿ ಬಂತು, ಎಲ್ಲೂ ನಿಲ್ಲಲಿಲ್ಲ. ಆಮೇಲೆ ಸದ್ದಡಗಿತು. ಹಾಳೆ ಕೊಟ್ಟಿರಬೇಕು. ಅರ್ಧ ನಿಮಿಷ ಎಂದರೆ ಎಷ್ಟು ಉದ್ದ ಎನ್ನುವುದು ನನಗೆ ಅವತ್ತು ಗೊತ್ತಾಯಿತು.

ನುಡಿಸತೊಡಗಿದಳು. ಸರಿಯೋ ತಪ್ಪೋ ಹೇಳಲು ನನಗೆ ದಾರಿಯೇ ಇರಲಿಲ್ಲ. ಆ ಹಾಳೆಯನ್ನು ನಾನು ನೋಡಿಲ್ಲ. ಮೂರು ವರ್ಷದಲ್ಲಿ ಅವಳು ನುಡಿಸಿದ್ದೆಲ್ಲವೂ ನನಗೆ ಮೊದಲೇ ಗೊತ್ತಿದ್ದದ್ದೇ. ಇದು ಮಾತ್ರ ಅವಳಿಗೆ ಗೊತ್ತು, ನನಗಿಲ್ಲ. ನಾಲ್ಕು ಮೆಷರ್ ಸಮನಾಗಿ ಹೋದವು. ಐದನೆಯದರಲ್ಲಿ ಏನೋ ಕಿವಿಗೆ ತುಸು ಒರಟಾಗಿ ಕೇಳಿಸಿತು. ಒಂದು ಕ್ಷಣ ತಡೆ. ಅಲ್ಲೇ ನಿಂತುಬಿಟ್ಟಳು ಎಂದುಕೊಂಡೆ. ಇಲ್ಲ, ಮುಂದೆ ಹೋದಳು. ಎಂಟನೆಯದು ಮುಗಿದು, ಕೊನೆಯ ಸ್ವರ ಪೂರ್ತಿ ಆರುವವರೆಗೆ ಕೈಯೆತ್ತಲಿಲ್ಲ.

ಬಾಗಿಲು ತೆರೆದು ಹೊರಗೆ ಬಂದಳು. ನಾನು ಕೇಳುವ ಮೊದಲೇ ಹೇಳಿದಳು: “ಆಂಟಿ, ಐದನೇ ಮೆಷರ್‌ನಲ್ಲಿ ಎಫ್ ಶಾರ್ಪ್ ಇತ್ತು. ಐ ಫರ್ಗಾಟ್. ಆರನೇದ್ರಲ್ಲಿ ನೋಡ್ದೆ, ಅಲ್ಲಿ ಕರೆಕ್ಟ್ ಆಗಿ ಪ್ಲೇ ಮಾಡ್ದೆ.”

ನಾನು ಕಾರಿಡಾರಿನಲ್ಲೇ ಗಟ್ಟಿಯಾಗಿ ನಕ್ಕೆ. ಕಣ್ಣಲ್ಲಿ ನೀರೂ ಬಂತು. ಯಾರೋ ಶ್ ಎಂದರು.

ತಾಯಿ ಗಾಬರಿಯಾಗಿ ಎದ್ದು ಬಂದರು. “ತಪ್ಪು ಮಾಡೀನಿ ಅಂತ ಹೇಳ್ಲಿಕ್ಕತ್ತಾಳ, ನೀವ್ ನಗ್ಲಿಕ್ಕತ್ತೀರಲ್ರಿ?”

“ಎಲ್ಲಿ ತಪ್ಪಿದೆ ಅಂತ ಅವಳಿಗೇ ಗೊತ್ತಾಗಿದೆ ಡಾಕ್ಟ್ರೇ,” ಎಂದೆ.

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಡಾಕ್ಟರಲ್ಲವೇ, ನೋಯದ ಹಾಗೆ ಹಿಡಿದರು.

ಮಧ್ಯಾಹ್ನ ಫಲಿತಾಂಶ ಅಂಟಿಸಿದರು. ಪಾಸಾಗಿದ್ದಳು. ಓದುವ ಭಾಗದಲ್ಲಿ ಸಾಧಾರಣ ಎಂದಿತ್ತು. ಮೂರು ತಿಂಗಳ ಹಿಂದೆ ಆ ಸಾಧಾರಣವನ್ನು ಯಾರಾದರೂ ಕೊಡುತ್ತೇನೆಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವರು ಊಟಕ್ಕೆ ಕರೆದರು. ಬೇಡವೆಂದು ಹೊರಟೆ. ಮೈಯೆಲ್ಲ ಹಗುರಾಗಿ, ಒಮ್ಮೆಲೇ ನಿದ್ದೆ ಎಳೆಯುತ್ತಿತ್ತು.

ಟೆಂಪಲ್ ಎಂಬ ಊರು ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಸೀಟು ಹಿಂದಕ್ಕೆ ಬಾಗಿಸಿದೆ. ಫೋನ್ ಟಿಣ್ ಎಂದಿತು. ತಾಯಿ ಒಂದು ವಿಡಿಯೋ ಕಳಿಸಿದ್ದರು. ಕೆಳಗೆ ಬರೆದಿದ್ದರು: “ಇವರ ಅಪಾರ್ಟ್‌ಮೆಂಟಿನ ಲಾಬಿಯೊಳಗ ಒಂದು ಹಳೇ ಪಿಯಾನೋ ಅದರಿ. ಮ್ಯಾಲೆ ಯಾರೋ ಒಂದು ಪುಸ್ತಕ ಬಿಟ್ಟು ಹೋಗ್ಯಾರ. ಅದನ್ನ ತಕ್ಕೊಂಡು ಕೂತಾಳ. ಒಂದು ತಾಸಾತು, ಊಟಕ್ಕ ಏಳವಲ್ಲಳು.”

ವಿಡಿಯೋದಲ್ಲಿ ಹಳದಿ ಫ್ರಾಕಿನ ಬೆನ್ನು ಕಾಣುತ್ತಿತ್ತು. ಪುಸ್ತಕಕ್ಕೆ ಮುಖ ಹತ್ತಿರ ತಂದು ಒಂದೊಂದೇ ನೋಟು ಓದುತ್ತಿದ್ದಳು. ತಪ್ಪುತ್ತಿದ್ದಳು, “ನೋ, ನೋ” ಎಂದು ತನಗೇ ಹೇಳಿಕೊಳ್ಳುತ್ತಿದ್ದಳು, ಹಿಂದೆ ಹೋಗಿ ಮತ್ತೆ ಹಿಡಿಯುತ್ತಿದ್ದಳು. ಯಾವ ಪೀಸ್ ಎಂದು ನನಗೆ ತಿಳಿಯಲಿಲ್ಲ. ನಾನು ಅದನ್ನು ಎಂದೂ ಕೇಳಿರಲಿಲ್ಲ. ಫೋನನ್ನು ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳಿದೆ.